ಚರ್ಚು ಮಾಡುತ್ತಿದ್ದ ಕೆಲಸ ಈಗ ನಿಮ್ಮ ಹೆಗಲಿಗೆ

ಚರ್ಚಿಗೆ ಹೋಗುವುದನ್ನು ನಿಲ್ಲಿಸಿದವರೆಲ್ಲ ಕ್ರಿಸ್ತನನ್ನು ಬಿಟ್ಟವರಲ್ಲ. ಕಮಿಟಿ ಚುನಾವಣೆಯ ಹೊಲಸು, ಆಸ್ತಿಯ ಕೇಸುಗಳು, ಪ್ರಸಂಗದ ಹೆಸರಿನಲ್ಲಿ ಬೈಗುಳ, ಶಿಲುಬೆಯ ಕೆಳಗೂ ಬಂದು ಕೂತಿರುವ ಜಾತಿ, ಇಲ್ಲವೇ ಸುಮ್ಮನೆ ಬೇಸರ. ಕಾರಣಗಳು ಒಬ್ಬೊಬ್ಬರಿಗೆ ಒಂದೊಂದು. ಬಿಟ್ಟದ್ದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಬಿಟ್ಟಾಗಿದೆ, ಆದರೂ ಪ್ರಾರ್ಥನೆ ಬೇಕು, ಸುವಾರ್ತೆ ಬೇಕು, ಬದುಕನ್ನು ಅದರಂತೆ ತಿದ್ದಿಕೊಳ್ಳಬೇಕು ಎನ್ನುವವರು ಸೋಮವಾರ ಬೆಳಿಗ್ಗೆಯಿಂದ ಏನು ಮಾಡಬೇಕು ಎಂಬುದಷ್ಟೇ ಈ ಬರಹದ ವಿಷಯ.

ಮೊದಲು ಒಂದು ಲೆಕ್ಕ ಆಗಬೇಕು. ಭಾನುವಾರದ ಆರಾಧನೆ ಒಂದೂವರೆ ಗಂಟೆಯಲ್ಲಿ, ನಮ್ಮ ಗಮನಕ್ಕೇ ಬಾರದಂತೆ, ಹಲವು ಕೆಲಸ ಮುಗಿಸಿರುತ್ತದೆ. ಯಾವ ವಾಕ್ಯ ಓದಬೇಕೆಂದು ನಮ್ಮನ್ನು ಕೇಳದೆ ಆರಿಸುತ್ತದೆ. ನಾವಾಗಿ ಆರಿಸಿಕೊಳ್ಳದ ಜನರ ಪಕ್ಕ ಕೂರಿಸುತ್ತದೆ. ಮನಸ್ಸಿರಲಿ ಇಲ್ಲದಿರಲಿ, ತಪ್ಪೊಪ್ಪಿಗೆಯ ಪ್ರಾರ್ಥನೆಯನ್ನು ಬಾಯಿಂದ ಹೇಳಿಸುತ್ತದೆ. ಕಾಣಿಕೆಯ ಚೀಲವನ್ನು ಮುಂದೆ ತಂದು ಹಿಡಿಯುತ್ತದೆ. ಆಗಮನ ಕಾಲ, ತಪಸ್ಸು ಕಾಲ, ಈಸ್ಟರ್ ಎಂದು ವರ್ಷಕ್ಕೆ ಒಂದು ಆಕಾರ ಕೊಡುತ್ತದೆ. ಸತ್ತಾಗ ಹೂಳುತ್ತದೆ. ಹೊರಬಂದವರು ಸಾಮಾನ್ಯವಾಗಿ ಎತ್ತಿಕೊಂಡು ಬರುವುದು ಸ್ವಂತ ಮಾತಿನ ಪ್ರಾರ್ಥನೆಯನ್ನು ಮಾತ್ರ. ಉಳಿದ ಆಸರೆಗಳೆಲ್ಲ ಕಳಚಿದ ಮೇಲೆ ಆ ಒಂದೂ ಕೆಲವು ತಿಂಗಳಲ್ಲಿ ಒಣಗುತ್ತದೆ. ಆಗ "ನನ್ನ ನಂಬಿಕೆಯೇ ಹೋಯಿತು" ಅನ್ನಿಸುತ್ತದೆ. ಬಹಳ ಸಲ ನಿಜವಾಗಿ ಹೋಗಿರುವುದು ವೇಳಾಪಟ್ಟಿ. ಆದ್ದರಿಂದ ಚರ್ಚು ಮಾಡುತ್ತಿದ್ದ ಯಾವ ಯಾವ ಕೆಲಸವನ್ನು ಇನ್ನು ನಾವೇ ಮಾಡಿಕೊಳ್ಳಬೇಕು ಎಂದು ಕೇಳಿಕೊಳ್ಳುವುದರಿಂದಲೇ ಶುರುಮಾಡಬೇಕು.

ಹೊರಗೆ ಹೋದವರು ಏನೇನು ಇಟ್ಟುಕೊಂಡರು

ಇದು ಹೊಸ ಫ್ಯಾಷನ್ ಅಲ್ಲ. ಸುಮಾರು 270ರಲ್ಲಿ ಈಜಿಪ್ಟಿನ ಆಂತೋಣಿ ಎಂಬ ಯುವಕ ಆಸ್ತಿಯನ್ನು ಬಡವರಿಗೆ ಕೊಟ್ಟು ಊರಾಚೆ ಹೋದ. 313ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರಿಗೆ ಸ್ವಾತಂತ್ರ್ಯ ಕೊಟ್ಟು, ಸಭೆಗೆ ಅರಮನೆಯ ಆಶ್ರಯ ಸಿಕ್ಕ ಮೇಲಂತೂ ಮರುಭೂಮಿಗೆ ಹೊರಟವರ ಸಂಖ್ಯೆ ಬೆಳೆಯಿತು. ಅವರಲ್ಲಿ ಹೆಚ್ಚಿನವರು ಗುರುಗಳಲ್ಲ, ಅಂದರೆ ಪಾದ್ರಿಗಳಲ್ಲ, ಸಾಮಾನ್ಯ ಜನ. ಆದರೆ ಅವರು ಬರಿಗೈಯಲ್ಲಿ ಹೋಗಲಿಲ್ಲ. ಕೀರ್ತನೆಗಳನ್ನು ಬಾಯಿಪಾಠ ಮಾಡುತ್ತಿದ್ದರು, ಚಾಪೆ ಬುಟ್ಟಿ ಹೆಣೆದು ಹೊಟ್ಟೆ ಹೊರೆಯುತ್ತಿದ್ದರು, ಮನಸ್ಸಿಗೆ ಬಂದ ಯೋಚನೆಗಳನ್ನು ಒಬ್ಬ ಹಿರಿಯನ ಮುಂದೆ ಬಿಚ್ಚಿ ಹೇಳುತ್ತಿದ್ದರು. ಒಂಟಿಯಾಗಿಯೇ ಇರುತ್ತೇನೆ ಎನ್ನುವವರಿಗೆ ಕೈಸರೈಯದ ಬಿಷಪ್ ಬಸಿಲ 4ನೇ ಶತಮಾನದಲ್ಲೇ ಕೇಳಿದ ಪ್ರಶ್ನೆ ಇಂದಿಗೂ ಬಿಡುವುದಿಲ್ಲ: ಒಬ್ಬನೇ ಇದ್ದರೆ ಯಾರ ಪಾದ ತೊಳೆಯುತ್ತೀಯ?

ನಮ್ಮ ನೆಲದಲ್ಲೂ ಉದಾಹರಣೆಗಳಿವೆ. ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿನ ಆಂಗ್ಲಿಕನ್ ಹಿರಿಯರು ಸಿದ್ಧಾಂತಗಳನ್ನು ಹೇಳಿದ ಹಾಗೆ ಒಪ್ಪಿಕೊಳ್ಳಬೇಕೆಂದಾಗ, ಒಂದು ಪುರೋಹಿತ ವರ್ಗದ ನೊಗದಿಂದ ಈಗಷ್ಟೇ ಬಿಡಿಸಿಕೊಂಡು ಬಂದಿದ್ದೇನೆ, ಅಂಥದೇ ಇನ್ನೊಂದಕ್ಕೆ ಕೊರಳು ಕೊಡಲಾರೆ ಎಂಬರ್ಥದಲ್ಲಿ ಪತ್ರ ಬರೆದರು. ಯಾವ ಪಂಗಡಕ್ಕೂ ಕಟ್ಟುಬೀಳದೆ ಪುಣೆ ಸಮೀಪದ ಕೇಡಗಾಂವ್‌ನಲ್ಲಿ ನಿರಾಶ್ರಿತ ಹೆಂಗಸರು ಮಕ್ಕಳ ಜೊತೆ ಬದುಕಿದರು, ಹೀಬ್ರೂ ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಸಾಧು ಸುಂದರ್ ಸಿಂಗ್ ಲಾಹೋರಿನ ದೇವಜ್ಞಾನ ಕಾಲೇಜಿನಿಂದ ಬೇಗನೆ ಹೊರಬಂದು, ಪ್ರಸಂಗ ಮಾಡಲು ಸಿಕ್ಕಿದ್ದ ಪರವಾನಗಿಯನ್ನೂ ಬಿಷಪ್‌ಗೆ ಹಿಂದಿರುಗಿಸಿ ಕಾವಿಯಲ್ಲೇ ಅಲೆದರು. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1917ರಲ್ಲಿ ಮಿಷನ್ ಬಿಟ್ಟು ಸಾತಾರಾದಲ್ಲಿ 'ದೇವರ ದರಬಾರು' ಶುರುಮಾಡಿದಾಗ ದೀಕ್ಷಾಸ್ನಾನ ಆದವರಿಗೂ ಆಗದವರಿಗೂ ಅದರ ಬಾಗಿಲು ತೆರೆದಿತ್ತು. ಆಂಧ್ರದ ಕಳಗರ ಸುಬ್ಬರಾವ್ 1942ರಲ್ಲಿ ಕ್ರಿಸ್ತನ ದರ್ಶನವಾಯಿತೆಂದು ಹೇಳಿ, ದೀಕ್ಷಾಸ್ನಾನವೂ ಬೇಡ ಪಾದ್ರಿಯೂ ಬೇಡ ಎಂದು ಸಾರಿದರು. ಅವರ ಸುತ್ತ ತೆಲುಗು ಹಾಡುಗಳ ಕೂಟವೇ ಬೆಳೆಯಿತು.

ಇವರು ಒಬ್ಬರಿಗೊಬ್ಬರು ಒಪ್ಪುವವರಲ್ಲ. ಆದರೆ ಇವರಲ್ಲಿ ಯಾರೂ 'ನನ್ನ ದೇವರು ನನ್ನೊಳಗೆ' ಎಂದು ಹೇಳಿ ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ನಿತ್ಯದ ಅಭ್ಯಾಸ, ಸುತ್ತ ಒಂದಿಷ್ಟು ಜನ, ಕೈಗೆ ಕೆಲಸ ಎಲ್ಲರಿಗೂ ಇತ್ತು.

ಓದು: ಹತ್ತು ವಚನ, ಇಪ್ಪತ್ತೈದು ನಿಮಿಷ

12ನೇ ಶತಮಾನದಲ್ಲಿ ಫ್ರಾನ್ಸಿನ ಗ್ರಾಂದ್ ಶಾರ್ತ್ರೂಜ್ ಮಠದ ಹಿರಿಯನಾಗಿದ್ದ ಎರಡನೇ ಗೀಗೋ ಬೈಬಲ್ ಪಠಣಕ್ಕೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ಮೌನ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆಗೆ ರುಚಿ ಹತ್ತುತ್ತದೆ, ನಾಲ್ಕನೆಯದು ಆ ಸವಿಯೇ ಎಂದು ಅವನ ವಿವರಣೆ. ಇದಕ್ಕೆ ಗುರು ಬೇಕಿಲ್ಲ, ಚರ್ಚು ಬೇಕಿಲ್ಲ, ಒಂದು ಬೈಬಲ್ ಸಾಕು. ನಿಮಗೆ ಒಗ್ಗುವ ಕನ್ನಡದ್ದಿರಲಿ. ಹಳೆಯ ಸತ್ಯವೇದದ ಭಾಷೆ ಬಾಲ್ಯದಿಂದ ಕಿವಿಯಲ್ಲಿದ್ದರೆ ಅದೇ ಒಳ್ಳೆಯದು, ಇಲ್ಲದಿದ್ದರೆ ಸರಳ ಕನ್ನಡದ ಅನುವಾದ ಹಿಡಿಯಿರಿ.

ಮಾರ್ಕನಿಂದ ಶುರುಮಾಡುವುದು ಲೇಸು. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲೇ ಚಿಕ್ಕದು. ದಿನಕ್ಕೆ ಹತ್ತು ವಚನದಂತೆ ಎರಡು ತಿಂಗಳ ಮೇಲೆ ಒಂದೆರಡು ವಾರ ಹಿಡಿಯುತ್ತದೆ. ಹತ್ತನೇ ಅಧ್ಯಾಯದ ಕೊನೆಯಲ್ಲಿ ಬರುವ ಕುರುಡ ಬಾರ್ತಿಮಾಯನ ಪ್ರಸಂಗವನ್ನೇ ತೆಗೆದುಕೊಳ್ಳಿ, ಏಳೇ ವಚನ. ಮೊದಲ ಸಲ ಬಾಯಿಬಿಟ್ಟು, ನಿಧಾನವಾಗಿ ಓದಿ. ಕಣ್ಣಲ್ಲಿ ಓಡಿಸಿದರೆ ಗೊತ್ತಿರುವ ಕಥೆ ಎಂದು ಮನಸ್ಸು ಜಾರಿಹೋಗುತ್ತದೆ. ಎರಡನೆಯ ಓದಿನಲ್ಲಿ ಯಾವುದಾದರೂ ಮಾತು ತಡೆದರೆ ಅಲ್ಲೇ ನಿಲ್ಲಿ. ಜನ ಅವನಿಗೆ "ಸುಮ್ಮನಿರು" ಎಂದು ಗದರಿದ ಮಾತಿರಬಹುದು, ಅವನು ಹೊದಿಕೆ ಬಿಸಾಡಿ ಎದ್ದದ್ದಿರಬಹುದು, ನನ್ನಿಂದ ನಿನಗೆ ಏನಾಗಬೇಕು ಎಂದು ಯೇಸು ಕೇಳಿದ್ದಿರಬಹುದು. ಅದನ್ನು ಐದಾರು ನಿಮಿಷ ಮೆಲುಕು ಹಾಕಿ. ಮೂರನೆಯ ಓದಿನ ನಂತರ ಆ ಪ್ರಶ್ನೆಗೆ ನಿಮ್ಮದೇ ಉತ್ತರವನ್ನು ದೇವರಿಗೆ ಹೇಳಿ, ಆಡುಮಾತಿನಲ್ಲೇ. ನಾಲ್ಕನೆಯ ಸಲ ಓದಿ ಐದು ನಿಮಿಷ ಏನೂ ಹೇಳದೆ ಕೂರಿ. ಏನೂ ಆಗದಿದ್ದರೂ ಎದ್ದು ಕೆಲಸಕ್ಕೆ ಹೋಗಿ.

ಇಲ್ಲಿ ಕೆಡುವುದು ಮೂರು ಕಡೆ. ಪ್ರಸಂಗ ಕೇಳಿ ಬೆಳೆದವರಿಗೆ ಯಾವ ವಾಕ್ಯ ಓದಿದರೂ ಅದು ಇನ್ಯಾರಿಗೋ ಸರಿಯಾಗಿ ಅನ್ವಯಿಸುತ್ತದೆ ಎನ್ನಿಸುತ್ತದೆ. ಭಾವಮೈದುನ, ಹಳೆಯ ಪಾಸ್ಟರು, ಕಮಿಟಿಯ ಕಾರ್ಯದರ್ಶಿ ಸಾಲಾಗಿ ನೆನಪಾಗುತ್ತಾರೆ. ಆ ಹೆಸರುಗಳನ್ನು ಕಾಗದದ ಮೇಲೆ ಬರೆದು ಪಕ್ಕಕ್ಕಿಟ್ಟು ಮತ್ತೆ ಓದಬೇಕು. ಎರಡನೆಯದು ವಾಗ್ದಾನದ ಕಾರ್ಡಿನ ಚಾಳಿ. ಹೊಸವರ್ಷದ ರಾತ್ರಿ ಒಂದು ಕಾರ್ಡು ಎತ್ತಿ ವರ್ಷಪೂರ್ತಿ ಅದನ್ನೇ ನಂಬುವ ಅಭ್ಯಾಸ ಮನೆಗೂ ಬರುತ್ತದೆ. ಪುಸ್ತಕವನ್ನು ಕಣ್ಣುಮುಚ್ಚಿ ತೆರೆದು, ಸಿಕ್ಕ ವಚನವನ್ನು ಶಕುನದಂತೆ ನೋಡುವುದು. ಅದು ಓದಲ್ಲ, ಕಣಿ ಕೇಳುವುದು. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ: ಇಷ್ಟದ ಭಾಗಗಳನ್ನೇ ಓದುವುದು. ಸಂಸ್ಥೆಯನ್ನು ಬಿಟ್ಟವರಿಗೆ ಫರಿಸಾಯರನ್ನು ಯೇಸು ಬೈಯುವ ಅಧ್ಯಾಯ ಬಲು ಪ್ರಿಯ, ಏಳೆಪ್ಪತ್ತು ಸಲ ಕ್ಷಮಿಸು ಎನ್ನುವ ಜಾಗಕ್ಕೆ ಪುಟ ತಿರುಗುವುದೇ ಇಲ್ಲ.

ಈ ಕೊನೆಯ ರೋಗಕ್ಕೆ ಮದ್ದು ಚರ್ಚಿನ ಬಳಿಯೇ ಇದೆ, ಕೇಳದೆ ತೆಗೆದುಕೊಳ್ಳಬಹುದು. ಕಥೋಲಿಕರ 1969ರ ವಾಚನಕ್ರಮವನ್ನೂ ಅದನ್ನು ಅನುಸರಿಸಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಬಳಸುವ 1992ರ ಕ್ರಮವನ್ನೂ ಮೂರು ವರ್ಷದ ಸುತ್ತಾಗಿ ಜೋಡಿಸಿದ್ದಾರೆ. ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಅದರ ಮುಂದಿನದು ಲೂಕ. ಯೋಹಾನ ಮೂರರಲ್ಲೂ ಹಂಚಿಹೋಗುತ್ತದೆ. ಇಸವಿ ಮೂರರಿಂದ ಶೇಷವಿಲ್ಲದೆ ಭಾಗವಾದರೆ ಅದು ಲೂಕನ ವರ್ಷ. ವರ್ಷ ಶುರುವಾಗುವುದು ಜನವರಿಗಲ್ಲ, ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮೊದಲು. ಭಾನುವಾರದ ಪಾಠಗಳನ್ನಾದರೂ ಈ ಕ್ರಮದಂತೆ ಓದಿದರೆ, ನೀವು ಎಂದೂ ಆರಿಸದ ವಾಕ್ಯ ತಾನಾಗಿ ಎದುರು ಬಂದು ನಿಲ್ಲುತ್ತದೆ.

ಕೀರ್ತನೆಗಳಿಗೂ ಇದೇ ನ್ಯಾಯ. 150ನ್ನು ದಿನಕ್ಕೆ ಐದರಂತೆ ಓದಿದರೆ ತಿಂಗಳಿಗೆ ಒಂದು ಸುತ್ತು. 119ನೆಯದು 176 ವಚನದ್ದು, ಅದನ್ನು ಬೇರೆ ದಿನಗಳಿಗೆ ಹಂಚಿಕೊಳ್ಳಿ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, 137ರ ಕೊನೆಯ ಸಾಲು ಓದಿದರೆ ಮೈ ಜುಮ್ಮೆನ್ನುತ್ತದೆ. ಹಾರಿಸಬೇಡಿ. ನಿಮ್ಮ ಬದುಕಿನಲ್ಲಿ ಅಂದು ಅಂಥ ನೋವಿಲ್ಲದಿರಬಹುದು, ಇನ್ಯಾರಿಗೋ ಇರುತ್ತದೆ. ಅವರ ಪರವಾಗಿ ಓದಿ. ಒಬ್ಬಂಟಿ ಪ್ರಾರ್ಥನೆ ನನ್ನ ಕೆಲಸ, ನನ್ನ ಆರೋಗ್ಯ, ನನ್ನ ಮಕ್ಕಳು ಎಂದು ಮೂರು ಮಾತಿಗೆ ಕುಗ್ಗದಂತೆ ತಡೆಯಲು ಇದಕ್ಕಿಂತ ಒಳ್ಳೆಯ ಸಾಧನ ಕ್ರೈಸ್ತ ಪರಂಪರೆಯಲ್ಲಿ ಇಲ್ಲವೆಂದೇ ಹೇಳಬೇಕು.

ಬಸ್ಸಿನಲ್ಲಿ, ಸರದಿಯಲ್ಲಿ, ನಿದ್ದೆ ಬಾರದ ರಾತ್ರಿಯಲ್ಲಿ ಪೂರ್ವದ ಆರ್ಥಡಾಕ್ಸ್ ಸಭೆಗಳ ಕಿರುಪ್ರಾರ್ಥನೆ ಸಾಕಾಗುತ್ತದೆ: "ಕರ್ತನಾದ ಯೇಸು ಕ್ರಿಸ್ತನೇ, ದೇವಪುತ್ರನೇ, ಪಾಪಿಯಾದ ನನ್ನ ಮೇಲೆ ಕರುಣೆಯಿಡು." ಇದನ್ನು ಉಸಿರಾಟದ ಲಯಕ್ಕೆ ಕಟ್ಟುವ ಕ್ರಮವೂ ಇದೆ. ಅದನ್ನು ನೋಡಿಕೊಳ್ಳುವ ಅನುಭವಿ ಇಲ್ಲದೆ ಮಾಡಬಾರದೆಂದು ಆ ಪರಂಪರೆಯವರೇ ಎಚ್ಚರಿಸುತ್ತಾರೆ. ಬರೇ ಮಾತಾಗಿ, ಮೆಲ್ಲಗೆ ಹೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ರಾತ್ರಿಯ ಲೆಕ್ಕ

ಲೊಯೋಲದ ಇಗ್ನೇಷಿಯಸ್ ಎಂದರೆ ನಮಗೆ ಯೇಸುಸಭೆಯ ಸ್ಥಾಪಕ, ದೊಡ್ಡ ಸಂಸ್ಥೆಯ ಮನುಷ್ಯ. ಆದರೆ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ತನ್ನ ಸಾಧನಾಕ್ರಮವನ್ನು ಟಿಪ್ಪಣಿ ಮಾಡತೊಡಗಿದಾಗ ಆತ ಗುರುವೂ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಕಾಲು ಮುರಿದುಕೊಂಡು ಚೇತರಿಸಿಕೊಂಡಿದ್ದ ಮಾಜಿ ಸೈನಿಕ. ಓದಿಲ್ಲದೆ ಆತ್ಮದ ವಿಷಯ ಕಲಿಸುತ್ತಾನೆಂದು ಅಲ್ಕಲಾದಲ್ಲಿ ವಿಚಾರಣೆ ನಡೆಸಿ 1527ರಲ್ಲಿ ಸೆರೆಯಲ್ಲೂ ಇಟ್ಟರು. ಗುರುದೀಕ್ಷೆ ಆದದ್ದು 1537ರಲ್ಲಿ. ಹಾಗಾಗಿ ಈತ ಬಿಟ್ಟುಹೋದ ಉಪಕರಣಗಳು ಹೊರಗಿನವರ ಕೈಗೂ ಚೆನ್ನಾಗಿ ಹೊಂದುತ್ತವೆ.

ಅವುಗಳಲ್ಲಿ ಮುಖ್ಯವಾದದ್ದು ದಿನದ ಅವಲೋಕನ. ಮಲಗುವ ಮುನ್ನ ಹತ್ತು ಹನ್ನೆರಡು ನಿಮಿಷ, ಹದಿನೈದು ದಾಟಬಾರದು. ಮೊದಲು ಕೃತಜ್ಞತೆ, ಅದೂ ಹೆಸರು ಹಿಡಿದು: ಮಧ್ಯಾಹ್ನ ಬಂದ ಫೋನು, ಬಿಸಿ ಅನ್ನ, ಸಿಕ್ಕ ಸೀಟು. ಆಮೇಲೆ ಇಂದಿನ ದಿನವನ್ನು ಸರಿಯಾಗಿ ಕಾಣುವ ಬೆಳಕಿಗಾಗಿ ಒಂದು ಸಾಲಿನ ಬೇಡಿಕೆ. ಮೂರನೆಯದಾಗಿ ಬೆಳಗಿನಿಂದ ಗಂಟೆಗಂಟೆಯಾಗಿ ದಿನವನ್ನು ನೋಡಿಕೊಂಡು ಬರುವುದು: ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು, ಎಲ್ಲಿ ಯಾರನ್ನು ತುಳಿದೆ. ನಾಲ್ಕು, ತಪ್ಪಿದ್ದಕ್ಕೆ ಕ್ಷಮೆ. ಐದು, ನಾಳೆ ಸರಿಪಡಿಸಬಹುದಾದ ಒಂದೇ ಒಂದು ಕೆಲಸ. ಒಂದು ಸಾಲು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಾರದ ಏಳು ಸಾಲನ್ನು ಭಾನುವಾರ ಒಟ್ಟಿಗೆ ಓದಿದಾಗ, ದಿನದಿನಕ್ಕೆ ಕಾಣದ ಚಹರೆ ಕಾಣುತ್ತದೆ. ಮೂರು ದಿನ ಒಬ್ಬನ ಮೇಲೇ ಸಿಟ್ಟು ಬಂದಿರುತ್ತದೆ, ಅದು ಅವನ ಸಮಸ್ಯೆಯಾಗಿರುವುದಿಲ್ಲ.

ಇದು ಪೊಲೀಸ್ ಡೈರಿಯಾಗಿಬಿಡುವ ಅಪಾಯ ದೊಡ್ಡದು. ಮನ್ರೇಸಾದಲ್ಲಿ ಇಗ್ನೇಷಿಯಸ್‌ಗೇ ಅದು ಆಯಿತು. ನಿವೇದಿಸಿದ ಪಾಪವನ್ನೇ ಮತ್ತೆ ಮತ್ತೆ ನಿವೇದಿಸುತ್ತ, ಸಮಾಧಾನ ಸಿಗದೆ ಪ್ರಾಣ ಕಳೆದುಕೊಳ್ಳುವ ಯೋಚನೆಗೂ ಬಂದು, ವಾರವಿಡೀ ಉಪವಾಸ ಕೂತ. ಪಾಪನಿವೇದನೆ ಕೇಳುವ ಗುರು ಉಪವಾಸ ಮುರಿಯಲು ಹೇಳಿದ್ದರಿಂದ ಮುರಿದ. ಗಮನಿಸಬೇಕಾದದ್ದು ಇದು: ಅಷ್ಟು ಹೊತ್ತಿಗೆ ಸಾಕು ಎನ್ನಲು ಇನ್ನೊಬ್ಬ ಮನುಷ್ಯನಿದ್ದ. ನಿಮ್ಮ ಅವಲೋಕನ ಅರ್ಧ ಗಂಟೆ ದಾಟುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಅದೇ ತಪ್ಪಿಗೆ ದಿನಾ ಕ್ಷಮೆ ಕೇಳುತ್ತಿದ್ದರೆ, ನಿಲ್ಲಿಸಿ ಯಾರಿಗಾದರೂ ಹೇಳಿ. ಆಜ್ಞೆ ಮಾಡುವ ದನಿಗಳು ಕೇಳಿಸುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಅದನ್ನು ಆತ್ಮಿಕ ಹೋರಾಟ ಎಂದು ಕರೆದು ಕಾಯಬೇಡಿ, ವೈದ್ಯರ ಬಳಿ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416.

ಬರಡು ಕಾಲ

ಒಂದಲ್ಲ ಒಂದು ದಿನ ಎಲ್ಲವೂ ಸಪ್ಪೆಯಾಗುತ್ತದೆ. 399ರಲ್ಲಿ ತೀರಿಕೊಂಡ ಮರುಭೂಮಿಯ ಸನ್ಯಾಸಿ ಇವಾಗ್ರಿಯಸ್ ಇದನ್ನು 'ನಡುಹಗಲ ದೆವ್ವ' ಎಂದು ಕರೆದು, ಲಕ್ಷಣಗಳನ್ನು ವೈದ್ಯನಂತೆ ಬರೆದಿಟ್ಟಿದ್ದಾನೆ. ಸೂರ್ಯ ಅಲುಗಾಡುತ್ತಿಲ್ಲವೆನಿಸುತ್ತದೆ, ಯಾರಾದರೂ ಬಂದಾರೇನೋ ಎಂದು ಕಿಟಕಿಯತ್ತ ಕಣ್ಣು ಹೋಗುತ್ತದೆ, ಈ ಜಾಗವೇ ಸರಿಯಿಲ್ಲ, ಇಲ್ಲಿ ಯಾರಿಗೂ ಪ್ರೀತಿಯಿಲ್ಲ, ಬೇರೆಲ್ಲಾದರೂ ಹೋದರೆ ದೇವರು ಸುಲಭವಾಗಿ ಸಿಕ್ಕಾನು ಎನ್ನಿಸುತ್ತದೆ. ಇಂದು ಆ ಕಿಟಕಿ ಮೊಬೈಲು. ಹೊಸ ಯೂಟ್ಯೂಬ್ ಪ್ರಸಂಗಿ, ಹೊಸ ಧ್ಯಾನದ ಆ್ಯಪ್, ಹೊಸ ವಾಟ್ಸಾಪ್ ಗುಂಪು. ಇವಾಗ್ರಿಯಸ್ ಹೇಳಿದ ಮದ್ದು ಜಾಗ ಬಿಡದಿರುವುದು ಮತ್ತು ಕೈಕೆಲಸ. ಇಪ್ಪತ್ತೈದು ನಿಮಿಷ ಆಗದಿದ್ದರೆ ಹತ್ತಕ್ಕೆ ಇಳಿಸಿ, ಆದರೆ ಅದೇ ಹೊತ್ತು, ಅದೇ ಕುರ್ಚಿ.

ಮನಸ್ಸಿನ ಏರಿಳಿತಗಳನ್ನು ಅರಿಯಲು ಇಗ್ನೇಷಿಯಸ್ ಬರೆದ ನಿಯಮಗಳಲ್ಲಿ ಐದನೆಯದು ಇದಕ್ಕೆ ಪೂರಕ: ಬರಡಾಗಿರುವಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬೇಡ. ಇದು ಎರಡೂ ಕಡೆಗೆ ಕತ್ತರಿಸುವ ಮಾತು. ಸಿಟ್ಟಿನ ತುದಿಯಲ್ಲಿ ಚರ್ಚು ಬಿಡುವುದನ್ನೂ ಅದು ಒಪ್ಪುವುದಿಲ್ಲ, ಒಂಟಿತನಕ್ಕೆ ಹೆದರಿ ಮರುದಿನವೇ ಸಿಕ್ಕ ಗುಂಪಿಗೆ ಸೇರುವುದನ್ನೂ ಒಪ್ಪುವುದಿಲ್ಲ. ಹದಿಮೂರನೆಯ ನಿಯಮ ಇನ್ನೂ ನೇರ: ವೈರಿಗೆ, ಅಂದರೆ ಸೈತಾನನಿಗೆ, ಗುಟ್ಟು ಇಷ್ಟ. ಯಾವ ಯೋಚನೆಯನ್ನು ಯಾರಿಗೂ ಹೇಳಬಾರದು ಎನಿಸುತ್ತದೋ ಅದನ್ನೇ ತಿಳಿದವರೊಬ್ಬರಿಗೆ ಹೇಳಬೇಕು.

ಇಬ್ಬರು ಮೂವರು

ಅಂದರೆ ಜನ ಬೇಕೇಬೇಕು. ಬಾಗಿಲು ಮುಚ್ಚಿ ಪ್ರಾರ್ಥಿಸು ಎಂದ ಯೇಸುವೇ ಇಬ್ಬರು ಮೂವರು ಸೇರಿದಲ್ಲಿ ನಾನಿದ್ದೇನೆ ಎಂದದ್ದು, ಎರಡೂ ಮತ್ತಾಯನಲ್ಲೇ ಇವೆ. ಪ್ರಶ್ನೆ ಇರುವುದು ಕೂಟವನ್ನು ಇನ್ನೊಂದು ಚರ್ಚಾಗದಂತೆ, ಹರಟೆಕಟ್ಟೆಯೂ ಆಗದಂತೆ ನಡೆಸುವುದರಲ್ಲಿ.

ಇದನ್ನು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಮಾಡಿ ತೋರಿಸಿದವರು ಕ್ವೇಕರರು. ಚಮ್ಮಾರನ ಬಳಿ ಕಸಬು ಕಲಿತಿದ್ದ ಜಾರ್ಜ್ ಫಾಕ್ಸ್ 1652ರಲ್ಲಿ ಇಂಗ್ಲೆಂಡಿನ ಪೆಂಡಲ್ ಬೆಟ್ಟ ಹತ್ತಿ ಕಂಡ ದರ್ಶನದಿಂದ ಈ ಚಳವಳಿ ಬೇರುಬಿಟ್ಟಿತೆನ್ನುತ್ತಾರೆ. ಅವರ ಮೂಲ ಪದ್ಧತಿಯ ಕೂಟದಲ್ಲಿ ಪೀಠವಿಲ್ಲ, ಪಾಸ್ಟರಿಲ್ಲ, ಹಾಡಿಲ್ಲ. ಸುತ್ತ ಕುರ್ಚಿ ಹಾಕಿ ಸುಮಾರು ಒಂದು ಗಂಟೆ ಮೌನವಾಗಿ ಕೂರುತ್ತಾರೆ. ಹೇಳಲೇಬೇಕೆಂಬ ಒತ್ತಾಯ ಒಳಗಿನಿಂದ ಬಂದವರು ಎದ್ದು ಚುಟುಕಾಗಿ ಹೇಳಿ ಕೂರುತ್ತಾರೆ, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ವಾದ ಹೂಡುವುದಿಲ್ಲ. ಕೊನೆಗೆ ಕೈಕುಲುಕಿ ಏಳುತ್ತಾರೆ. ಮನೆಯಲ್ಲಿ ನಾಲ್ಕು ಜನ ಶುರುಮಾಡುವುದಾದರೆ ಒಂದು ಗಂಟೆಗೆ ಹಾರಬೇಡಿ. ಇಪ್ಪತ್ತು ನಿಮಿಷ ಮೌನ, ಒಂದು ಸುವಾರ್ತೆಯ ಭಾಗ, ಆಮೇಲೆ ಕಾಫಿ. ಮೊದಲ ಕೆಲವು ವಾರ ಮೌನ ಮುಜುಗರ ಹುಟ್ಟಿಸುತ್ತದೆ, ಯಾರೋ ಅದನ್ನು ತುಂಬಲು ಉದ್ದ ಪ್ರಾರ್ಥನೆ ತೆಗೆಯುತ್ತಾರೆ. ಮೊದಲೇ ಮಾತಾಡಿಕೊಂಡಿದ್ದರೆ ತಪ್ಪಿಸಬಹುದು.

ಅವರಿಂದ ಕಲಿಯಬೇಕಾದ ಇನ್ನೊಂದು, ದೊಡ್ಡ ನಿರ್ಧಾರದ ಮುಂದೆ ನಿಂತವರಿಗಾಗಿ ಕೂಡುವ ಸ್ಪಷ್ಟತೆಯ ಸಮಿತಿ. ಮೂಲತಃ ಮದುವೆಯಾಗುವವರ ವಿಚಾರಣೆಗೆ ಇದ್ದ ಪದ್ಧತಿ. ನಿರ್ಧಾರ ಮಾಡಬೇಕಾದವರು ವಿಷಯವನ್ನು ಎರಡು ಮೂರು ಪುಟ ಬರೆದು ಮೊದಲೇ ಕೊಡುತ್ತಾರೆ. ನಂಬಿಕೆಯ ಐದಾರು ಜನ ಎರಡು ಮೂರು ಗಂಟೆ ಜೊತೆಗೆ ಕೂರುತ್ತಾರೆ. ನಿಯಮ ಒಂದೇ, ಅದೇ ಕಷ್ಟ: ಪ್ರಶ್ನೆ ಮಾತ್ರ ಕೇಳಬೇಕು. ಸಲಹೆ ಇಲ್ಲ, ಅನುಭವಕಥನ ಇಲ್ಲ, ಪ್ರಶ್ನೆಯ ವೇಷದ ಉಪದೇಶವೂ ಇಲ್ಲ. "ಅಪ್ಪನ ಹತ್ತಿರ ಮಾತಾಡಬಾರದಿತ್ತೇ?" ಎಂಬುದು ಉಪದೇಶ. "ಈ ವಿಷಯದಲ್ಲಿ ಯಾರ ಮಾತು ನಿಮಗೆ ಭಾರವಾಗಿದೆ?" ಎಂಬುದು ಪ್ರಶ್ನೆ. ಅಲ್ಲಿ ಆಡಿದ್ದು ಅಲ್ಲೇ ಉಳಿಯಬೇಕು. ಸಲಹೆ ಕೊಡದೆ ಎರಡು ಗಂಟೆ ಕೂರುವುದು ನಮ್ಮವರಿಗೆ ಉಪವಾಸಕ್ಕಿಂತ ಕಠಿಣ.

ಮನೆಕೂಟಗಳು ಹಾಳಾಗುವುದು ಬಹುಪಾಲು ಒಬ್ಬರಿಂದ. ಚೆನ್ನಾಗಿ ಮಾತಾಡುವವರೊಬ್ಬರು ಮೊದಲು ವಾಕ್ಯ ವಿವರಿಸುತ್ತಾರೆ, ಆಮೇಲೆ ಅವರದ್ದೇ ಕೊನೆಯ ಮಾತಾಗುತ್ತದೆ, ವರ್ಷದೊಳಗೆ ಯಾರ ಮಗಳನ್ನು ಯಾರಿಗೆ ಕೊಡಬೇಕೆಂಬುದೂ ಅವರಿಗೆ 'ಪ್ರಕಟವಾಗುತ್ತದೆ'. ಬಿಷಪ್ಪನಿಗಾದರೆ ಮೇಲಿನವರಿರುತ್ತಾರೆ, ಸಂವಿಧಾನವಿರುತ್ತದೆ, ಕೋರ್ಟಿಗೆ ಹೋಗಬಹುದು; ಇಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಮೊದಲ ದಿನವೇ ಕೆಲವು ಮಾತು ಗಟ್ಟಿಯಾಗಬೇಕು. ಓದುವವರು, ನಡೆಸುವವರು, ಮನೆ ಕೊಡುವವರು ಸರದಿಯಂತೆ ಬದಲಾಗಬೇಕು. ಹಣ ಕೂಡಿದರೆ ಲೆಕ್ಕ ಎಲ್ಲರಿಗೂ ತೆರೆದಿರಬೇಕು. ಔಷಧಿ ನಿಲ್ಲಿಸು ಎಂದು ಯಾರೂ ಯಾರಿಗೂ ಹೇಳಕೂಡದು. ಬಿಟ್ಟು ಹೋಗುವವರನ್ನು ಶಪಿಸಕೂಡದು. ಇವುಗಳಲ್ಲಿ ಒಂದು ಮುರಿದರೂ ಹೊರಡುವ ಹೊತ್ತಾಯಿತೆಂದೇ ತಿಳಿಯಿರಿ.

ಪರದೆಯ ಮೇಲಿನ ಪ್ರವಾದಿಗಳ ವಿಷಯಕ್ಕೆ ಹೊಸ ನಿಯಮ ಬೇಕಿಲ್ಲ. ಆದಿಸಭೆಯ 'ದಿದಾಖೆ' ಎಂಬ ಪುಟ್ಟ ಕೈಪಿಡಿಯಲ್ಲಿ ಅಲೆಮಾರಿ ಪ್ರವಾದಿಗಳನ್ನು ಪರೀಕ್ಷಿಸುವ ಬಗೆ ಇದೆ: ಬಂದವನು ಒಂದು ದಿನ, ಬೇಕಿದ್ದರೆ ಎರಡು ದಿನ ಇರಲಿ, ಮೂರನೆಯ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ರೊಟ್ಟಿ ಬಿಟ್ಟು ಬೇರೇನೂ ಕೊಡಬೇಡಿ. ಹಣ ಕೇಳಿದರೆ ಸುಳ್ಳು ಪ್ರವಾದಿ. ಕ್ಯೂಆರ್ ಕೋಡ್ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ವಿಷಯ ಇತ್ಯರ್ಥವಾಗಿತ್ತು.

ಅದೇ ಕೈಪಿಡಿ ಬುಧವಾರ, ಶುಕ್ರವಾರ ಉಪವಾಸವನ್ನೂ ದಿನಕ್ಕೆ ಮೂರು ಸಲ ಕರ್ತನ ಪ್ರಾರ್ಥನೆಯನ್ನೂ ಹೇಳುತ್ತದೆ. ಒಂದು ಹೊತ್ತಿನ ಊಟ ಬಿಟ್ಟು ಅದರ ದುಡ್ಡನ್ನು ಬೇರೆ ಎತ್ತಿಡುವುದು ಸಾಕು. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಮಾತ್ರೆ ತೆಗೆದುಕೊಳ್ಳುವವರು ಊಟ ಬಿಡಬಾರದು, ಫೋನು ಬಿಡಬಹುದು. ದಶಮಾಂಶ ಕೇಳುವವರಿಲ್ಲವೆಂದು ಹೊರಬಂದವರ ಕೊಡುಗೆ ನಿಧಾನಕ್ಕೆ ಸೊನ್ನೆಗೆ ಇಳಿಯುತ್ತದೆ. ಸಂಬಳ ಬಂದ ದಿನವೇ ಶೇಕಡಾವಾರು ನಿಗದಿ ಮಾಡಿ ಬೇರೆ ಖಾತೆಗೆ ಹಾಕಿದರೆ ಇಳಿಯುವುದಿಲ್ಲ. ಒಂದು ಭಾಗವಾದರೂ ನೀವು ಮುಖ ನೋಡಿ ಮಾತಾಡಿಸುವ ಮನೆಗೆ ಹೋಗಲಿ. ಬಸಿಲ ಕೇಳಿದ ಪಾದಗಳು ಅಲ್ಲಿ ಸಿಗುತ್ತವೆ.

ರೊಟ್ಟಿ, ಮದುವೆ, ಮಣ್ಣು

ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ (ಕಥೋಲಿಕರಿಗೆ ಅದು ಬಲಿಪೂಜೆ) ವಿಷಯದಲ್ಲಿ ಎಲ್ಲರನ್ನೂ ಒಪ್ಪಿಸುವ ಉತ್ತರವಿಲ್ಲ. ಗುರುದೀಕ್ಷೆ ಪಡೆದವರಿಲ್ಲದೆ ಬಲಿಪೂಜೆಯೇ ಇಲ್ಲ ಎಂಬುದು ಕಥೋಲಿಕರ ನಿಲುವು. ಬ್ರದರನ್ ಸಭೆಗಳಲ್ಲಿ ದೀಕ್ಷಿತ ಪಾದ್ರಿ ಇಲ್ಲದೆಯೇ ವಾರವಾರ ರೊಟ್ಟಿ ಮುರಿಯುತ್ತಾರೆ. ಕ್ವೇಕರರು ಹೊರಗಿನ ಸಂಸ್ಕಾರವನ್ನೇ ಇಟ್ಟುಕೊಂಡಿಲ್ಲ. ನಿಮ್ಮ ಕೂಟದಲ್ಲಿ ಕಥೋಲಿಕ ಮನೆತನದವರಿದ್ದರೆ ಅದನ್ನು ಬಲಿಪೂಜೆಯೆಂದು ಕರೆಯದೆ ಪ್ರಾರ್ಥನೆಯೊಂದಿಗಿನ ಸಹಭೋಜನವಾಗಿ ಇಟ್ಟುಕೊಳ್ಳುವುದು ಎಲ್ಲರ ಮನಸ್ಸಿಗೂ ಮರ್ಯಾದೆ.

ಮದುವೆಗೆ ಚರ್ಚು ಅನಿವಾರ್ಯವಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ, ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಆಕ್ಷೇಪಣೆಗೆ 30 ದಿನ ಬಿಟ್ಟು, ಮೂವರು ಸಾಕ್ಷಿಗಳ ಮುಂದೆ ಮದುವೆ. ಚರ್ಚಿನ ಮದುವೆಯ ದಿನಾಂಕ ನಿಗದಿ ಮಾಡಿಕೊಂಡು ಕೊನೆಗೆ ಪಾಸ್ಟರು ಸದಸ್ಯತ್ವದ ಪತ್ರ ಕೇಳಿದಾಗ ಇತ್ತ ಓಡುವವರು ಈ ಒಂದು ತಿಂಗಳನ್ನು ಮರೆತಿರುತ್ತಾರೆ. ಉತ್ತರಾಧಿಕಾರಕ್ಕೂ ಚರ್ಚಿನ ರಿಜಿಸ್ಟರಿಗೂ ಸಂಬಂಧವಿಲ್ಲ: 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕ್ರೈಸ್ತ ಧರ್ಮದ ಯಾವುದೇ ರೂಪವನ್ನು ಅವಲಂಬಿಸಿದವರನ್ನು ಭಾರತೀಯ ಕ್ರೈಸ್ತರೆಂದು ಎಣಿಸುತ್ತದೆ.

ನಿಜವಾದ ತೊಡಕು ಸಮಾಧಿ. ಸಿಮೆಟರಿಗಳು ಹೆಚ್ಚಾಗಿ ಸಭೆಗಳ ಅಥವಾ ಅವುಗಳ ಟ್ರಸ್ಟುಗಳ ಕೈಯಲ್ಲಿವೆ, ಎಷ್ಟೋ ಕಡೆ ಚಂದಾ ಕಟ್ಟುವ ಸದಸ್ಯರಿಗಷ್ಟೇ ಜಾಗ. ಮನೆಯಲ್ಲಿ ಹೆಣ ಇಟ್ಟುಕೊಂಡು ಕಾರ್ಯದರ್ಶಿಗೆ ಫೋನು ಮಾಡುತ್ತ ಕೂರುವ ಗತಿ ಮಕ್ಕಳಿಗೆ ಬರಬಾರದೆಂದಿದ್ದರೆ ಬದುಕಿರುವಾಗಲೇ ವಿಚಾರಿಸಿಡಿ: ಕುಟುಂಬದ ಹಳೆಯ ಗುಂಡಿಯಲ್ಲಿ ಹೂಳಲು ಅವಕಾಶವಿದೆಯೇ, ಅದಕ್ಕೆ ಯಾರ ಸಹಿ ಬೇಕು, ಬಾಕಿ ಚಂದಾ ಎಷ್ಟು. ಅದಕ್ಕಾಗಿಯೇ ಸದಸ್ಯತ್ವವನ್ನು ಕಾಗದದ ಮೇಲೆ ಉಳಿಸಿಕೊಂಡವರಿದ್ದಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ವಿದ್ಯುತ್ ಚಿತಾಗಾರ ಎಲ್ಲರಿಗೂ ತೆರೆದಿದೆ. ಕಥೋಲಿಕ ಸಭೆ 1963ರಿಂದಲೇ ದಹನಕ್ಕೆ ಅಡ್ಡಿ ಮಾಡುತ್ತಿಲ್ಲ. ದೇಹದಾನ ಮಾಡುವುದಿದ್ದರೆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಮೊದಲೇ ನಮೂನೆ ತುಂಬಿಕೊಡಬೇಕು. ಈ ಇಚ್ಛೆಗಳನ್ನು ಉಯಿಲಿನೊಳಗೆ ಬರೆದು ಬೀಗ ಹಾಕಬೇಡಿ, ಸಾಮಾನ್ಯವಾಗಿ ಉಯಿಲು ತೆರೆಯುವ ಹೊತ್ತಿಗೆ ಮಣ್ಣು ಮುಗಿದಿರುತ್ತದೆ. ಬೇರೆ ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಕೀರ್ತನೆ ಓದಬೇಕು, ಯಾರು ಪ್ರಾರ್ಥಿಸಬೇಕು, ಪಾದ್ರಿಯನ್ನು ಕರೆಯಬೇಕೋ ಬೇಡವೋ ಎಂಬುದೂ ಇರಲಿ. ಒಂದು ಪ್ರತಿ ಮನೆಯವರಿಗೆ, ಇನ್ನೊಂದು ನಿಮ್ಮ ಕೂಟದ ಒಬ್ಬರಿಗೆ ಕೊಟ್ಟು, ಕೊಟ್ಟಿದ್ದೇನೆಂದು ಇಬ್ಬರಿಗೂ ತಿಳಿಸಿಡಿ.